ಕುಂದಾಪುರ ಯಾರ ಕೋಟೆಯೂ ಅಲ್ಲ: ಮೂರು ಪಕ್ಷಗಳ ರಾಜ್ಯಾಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಕ್ವೀನ್ಸ್ ರಸ್ತೆ, ಮಲ್ಲೇಶ್ವರ, ಶೇಷಾದ್ರಿಪುರ. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಕಚೇರಿಗಳ ಈ ಮೂರು ವಿಳಾಸಕ್ಕೂ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆಯುವಷ್ಟು ವ್ಯತ್ಯಾಸ ಈ ವಿಷಯದಲ್ಲಿ ನಿಮ್ಮ ನಡುವೆ ನನಗೆ ಕಾಣಲಿಲ್ಲ.

ನಾನು ಕುಂದಾಪುರದವನು. ಸದ್ಯ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಮೂರ್ನಾಲ್ಕು ಹೋಟೆಲ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಾಲೀಕರಿಂದ ಹಿಡಿದು ಟೇಬಲ್ ಒರೆಸುವ ಹುಡುಗನ ತನಕ ಅಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಎಲೆಕ್ಷನ್ ಬಂತೆಂದರೆ ಅಡುಗೆಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಚಟ್ನಿ ರುಬ್ಬುವವನಿಗೂ ಕ್ಷೇತ್ರದ ಹಳೇ ಲೆಕ್ಕ ಬಾಯಿಪಾಠ. ಆದರೆ ಫಲಿತಾಂಶದ ದಿನ ಟಿವಿ ಹಾಕಿದರೆ ನಮ್ಮೂರಿಗೆ ಸಿಗುವುದು ಅರ್ಧ ನಿಮಿಷ. ‘ಕರಾವಳಿ ಬಿಡಿ, ಅದು ಬಿಜೆಪಿ ಭದ್ರಕೋಟೆ’ ಅಂತ ಒಬ್ಬರು. ‘ಹಿಂದುತ್ವದ ಪ್ರಯೋಗಶಾಲೆ’ ಅಂತ ಇನ್ನೊಬ್ಬರು. ಮುಂದಿನ ಕ್ಷೇತ್ರಕ್ಕೆ ಹೋಗೋಣ.

ಟಿವಿಯವರು ಏನಾದರೂ ಹೇಳಿಕೊಳ್ಳಲಿ. ನನ್ನ ಬೇಜಾರು ಏನೆಂದರೆ, ನೀವು ಮೂವರೂ ಅದನ್ನೇ ನಂಬಿ ಕೂತಿದ್ದೀರಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಉಡುಪಿಯಲ್ಲಿ 1968ರಲ್ಲೇ ಜನಸಂಘ, ಅಂದರೆ ಬಿಜೆಪಿಯ ಹಿಂದಿನ ರೂಪ, ಪುರಸಭೆ ಹಿಡಿಯಿತು. ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾದರು. ಅಲ್ಲಿಂದ ನಮ್ಮೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೂ ಕುಂದಾಪುರದಲ್ಲಿ ಬಿಜೆಪಿ ಶಾಸಕರು ಗೆಲ್ಲಲು 1999 ಬರಬೇಕಾಯಿತು. ಅದಕ್ಕೂ ಮೊದಲು, 1983ರಿಂದ 1994ರ ತನಕ ನಡೆದ ನಾಲ್ಕು ಚುನಾವಣೆಯಲ್ಲೂ ಗೆದ್ದವರು ಕಾಂಗ್ರೆಸ್ಸಿನ ಪ್ರತಾಪಚಂದ್ರ ಶೆಟ್ಟರು. ಅವರೇ ಮುಂದೆ ವಿಧಾನ ಪರಿಷತ್ತಿನ ಸಭಾಪತಿಯಾದರು.

ಕಾಂಗ್ರೆಸ್ ಅಷ್ಟು ಕಾಲ ನಿಂತದ್ದು ಯಾಕೆ ಅಂತ ನಮ್ಮ ಕಡೆಯ ಹಳಬರನ್ನು ಕೇಳಿದರೆ ಒಂದೇ ಮಾತು ಹೇಳುತ್ತಾರೆ: ಡಿಕ್ಲರೇಶನ್. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಚಾಲಗೇಣಿಗೆ, ಅಂದರೆ ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ಗದ್ದೆ ಮಾಡುತ್ತಿದ್ದವರು ‘ಡಿಕ್ಲರೇಶನ್’ ಅರ್ಜಿ ಹಾಕಿದರು, ಟ್ರಿಬ್ಯೂನಲ್ ಮುಂದೆ ನಿಂತರು, ಜಾಗ ಅವರ ಹೆಸರಿಗೆ ಬಂತು. ಇವತ್ತಿಗೂ ಪಾಲು ಮಾಡುವಾಗ ‘ಇದು ಡಿಕ್ಲರೇಶನ್ ಜಾಗ’ ಅಂತಲೇ ಹೇಳುತ್ತಾರೆ. ನನ್ನ ಅಜ್ಜ ಹಸು-ಕರುವಿಗೆ ವೋಟು ಹಾಕಿದರು, ಗುರುತು ಬದಲಾದ ಮೇಲೆ ಕೈಗೆ ಹಾಕಿದರು, ಸಾಯುವ ತನಕ ಬೇರೆ ಕಡೆ ನೋಡಲಿಲ್ಲ. ಜಾಗ ಕಳೆದುಕೊಂಡ ಒಡೆಯರ ಮನೆಗಳಲ್ಲಿ ಸಿಟ್ಟು ಉಳಿಯಿತು, ಅದೂ ಸಹಜವೇ. ಆದರೆ ಲೆಕ್ಕದಲ್ಲಿ ಗೇಣಿದಾರರು ಜಾಸ್ತಿ ಇದ್ದರು.

ಅಜ್ಜನ ಋಣ ಮೊಮ್ಮಗನಿಗೆ ಇರುವುದಿಲ್ಲ. ಮೊಮ್ಮಗ ಹತ್ತನೇ ತರಗತಿ ಮುಗಿಸಿ ಬಸ್ ಹತ್ತಿ ಬೆಂಗಳೂರಿಗೆ ಬಂದ. ಅವನು ಗೇಣಿ ಅಕ್ಕಿ ಅಳೆದು ಕೊಟ್ಟವನಲ್ಲ. ಅವನಿಗೆ ಆ ಗದ್ದೆ ಅಂದರೆ ಕೊಯ್ಲಿಗೆ ಆಳು ಸಿಗದೆ ಹಡಿಲು (ಪಾಳು) ಬಿಟ್ಟ ಜಾಗ, ಅಷ್ಟೇ. ಕಾಂಗ್ರೆಸ್ಸಿನವರು ಈಗಲೂ ಭಾಷಣದಲ್ಲಿ ‘ಉಳುವವನೇ ಹೊಲದೊಡೆಯ’ ಅನ್ನುತ್ತಾರೆ. ಕೇಳುವವನು ಉಳುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು ಸ್ವಾಮಿ.

ಇನ್ನೊಂದು ವಿಷಯ ಗಮನಿಸಿ. ಬೆಂಗಳೂರಿನಲ್ಲಿ ಗಾಳಿ ಯಾವ ಕಡೆ ಬೀಸುತ್ತದೋ ಅದಕ್ಕೆ ನಮ್ಮೂರು ಬಗ್ಗುವುದು ಕಡಿಮೆ. 1985ರಲ್ಲಿ ರಾಜ್ಯವೆಲ್ಲ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರ ಹಿಂದೆ ಹೋಯಿತು, ಕುಂದಾಪುರ ಕಾಂಗ್ರೆಸ್ಸಿನಲ್ಲೇ ಉಳಿಯಿತು. 1994ರಲ್ಲಿ ಕಾಂಗ್ರೆಸ್ ಇಡೀ ರಾಜ್ಯದಲ್ಲಿ 34 ಸೀಟಿಗೆ ಇಳಿಯಿತಲ್ಲ, ಆ 34ರಲ್ಲಿ ನಮ್ಮದೂ ಒಂದು. 1999ರಲ್ಲಿ ಎಸ್.ಎಂ. ಕೃಷ್ಣ ಅವರು ಕಾಂಗ್ರೆಸ್ಸನ್ನು ಮತ್ತೆ ಅಧಿಕಾರಕ್ಕೆ ತಂದರು. ಸರಿಯಾಗಿ ಅದೇ ವರ್ಷ ನಾವು ಬಿಜೆಪಿಗೆ ಹೋದೆವು! 2013ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ನಾವು ಪಕ್ಷೇತರರನ್ನು ಕಳಿಸಿದೆವು. 2023ರಲ್ಲಿ ಕಾಂಗ್ರೆಸ್ಸಿಗೆ 135 ಸೀಟು. ಉಡುಪಿ ಜಿಲ್ಲೆಯ ಐದಕ್ಕೆ ಐದೂ ಬಿಜೆಪಿ. ಹೀಗೆ ನಮ್ಮ ಶಾಸಕರು ವಿಧಾನಸೌಧದಲ್ಲಿ ಹೆಚ್ಚಿನ ಕಾಲ ವಿರೋಧದ ಸಾಲಿನಲ್ಲೇ ಕೂತಿದ್ದಾರೆ. ಅನುದಾನ ತರಲು ಇದು ಜಾಣತನವಲ್ಲ. ‘ಬುದ್ಧಿವಂತರ ಜಿಲ್ಲೆ’ ಅಂತ ನಮ್ಮನ್ನು ಕರೆಯುವವರು ಇದನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಂತ ಕಾಣುತ್ತದೆ.

2013ರ ಕಥೆ ನಿಮಗೆಲ್ಲ ಗೊತ್ತು. ಆದರೂ ಒಮ್ಮೆ ಹೇಳುತ್ತೇನೆ, ಯಾಕೆಂದರೆ ನೀವು ಅದರಿಂದ ಏನನ್ನೂ ತೆಗೆದುಕೊಂಡ ಹಾಗೆ ಕಾಣಲಿಲ್ಲ. ಹಾಲಾಡಿ ಶ್ರೀನಿವಾಸ ಶೆಟ್ಟರು 1999, 2004, 2008 ಮೂರೂ ಸಲ ಬಿಜೆಪಿಯಿಂದ ಗೆದ್ದಿದ್ದರು. 2012ರಲ್ಲಿ ಮಂತ್ರಿ ಸ್ಥಾನ ಕೊಡುತ್ತೇವೆ ಅಂತ ಬೆಂಗಳೂರಿಗೆ ಕರೆಸಿ ಕೊಡಲಿಲ್ಲ. ಅವರು ಶಾಸಕ ಸ್ಥಾನವನ್ನೂ ಪಕ್ಷವನ್ನೂ ಬಿಟ್ಟು ಊರಿಗೆ ವಾಪಸ್ ಹೋದರು. ಮುಂದಿನ ವರ್ಷ ಪಕ್ಷೇತರರಾಗಿ ನಿಂತರು. 40 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯಿತು. ‘ಭದ್ರಕೋಟೆ’ಯಲ್ಲಿ ಮೂರನೇ ಸ್ಥಾನ!

ಹಾಲಾಡಿಯವರು ದೊಡ್ಡ ಭಾಷಣಗಾರರಲ್ಲ. ಮದುವೆ ಮಾಡಿಕೊಂಡವರಲ್ಲ. ಆದರೆ ಊರಿನ ಮದುವೆ, ಬೊಜ್ಜ (ಸತ್ತವರ ಉತ್ತರಕ್ರಿಯೆ), ಗೃಹಪ್ರವೇಶ, ಯಕ್ಷಗಾನದ ಬಯಲಾಟ, ಎಲ್ಲಾದರೂ ಹಿಂದಿನ ಸಾಲಿನಲ್ಲಿ ಬಂದು ಕೂತು ಊಟ ಮಾಡಿ ಹೋಗುವವರು. ನಮ್ಮ ಹೋಟೆಲಿನ ದೋಸೆ ಭಟ್ಟರನ್ನು ‘ಯಾಕೆ ಅವರಿಗೇ ಹಾಕಿದ್ರಿ’ ಅಂತ ಕೇಳಿದೆ. ‘ನಮ್ಮನಿ ಮದಿಗ್ ಬಂದಿರ್ ಮಾರಾಯ್ರೆ’ ಅಂದರು. ಅದಕ್ಕಿಂತ ಜಾಸ್ತಿ ವಿವರಣೆ ಅವರಿಗೆ ಬೇಕಾಗಿರಲಿಲ್ಲ. ನನ್ನ ಪರಿಚಯದ ಮುಸ್ಲಿಂ ಮೀನು ವ್ಯಾಪಾರಿಯೊಬ್ಬರು ಆ ವರ್ಷ ಹೇಳಿದ್ದು ನೆನಪಿದೆ: ‘ಪಾರ್ಟಿ ಬಿಟ್ರಲೆ, ಈಗ ಹಾಕ್ಲಕ್ಕ್.’ ಪಾರ್ಟಿ ಬಿಟ್ಟರಲ್ಲ, ಈಗ ವೋಟು ಹಾಕಬಹುದು ಅಂತ.

ಬ್ರಹ್ಮಾವರವನ್ನೂ ನೋಡಿ. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು, ಕೋಟ-ಸಾಲಿಗ್ರಾಮದ ಕಡೆಯ ಊರುಗಳು ಕುಂದಾಪುರಕ್ಕೆ ಬಂದವು. ಅಲ್ಲಿ ಜಯಪ್ರಕಾಶ್ ಹೆಗ್ಡೆಯವರು 1994ರಲ್ಲಿ ಜನತಾ ದಳದಿಂದ ಗೆದ್ದರು. ಆಮೇಲೆ 1999 ಮತ್ತು 2004ರಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದರು. ಕೋಟೆ ಕಟ್ಟುವವರಿಗೆ ಇದು ಎಲ್ಲಿ ಹೊಂದುತ್ತದೆ ಹೇಳಿ.

ಹಾಗಂತ ಹಿಂದುತ್ವ ಅನ್ನುವುದು ನಮ್ಮೂರಲ್ಲಿ ಇಲ್ಲ, ಎಲ್ಲ ಬೆಂಗಳೂರಿನವರ ಕಲ್ಪನೆ ಅಂತ ನಾನು ಹೇಳುತ್ತಿಲ್ಲ. ಇದೆ. ಚೆನ್ನಾಗಿಯೇ ಇದೆ. ಒಂದು ಕಾಲದಲ್ಲಿ ಉಡುಪಿ ಲೋಕಸಭಾ ಕ್ಷೇತ್ರ ಆಸ್ಕರ್ ಫರ್ನಾಂಡಿಸ್ ಅವರನ್ನು 1980ರಿಂದ 1996ರ ತನಕ ಸತತ ಐದು ಸಲ ದಿಲ್ಲಿಗೆ ಕಳಿಸಿತ್ತು. ಇವತ್ತು ಅದೇ ಪ್ರದೇಶದಲ್ಲಿ ಒಬ್ಬ ಕ್ರೈಸ್ತ ಅಭ್ಯರ್ಥಿಗೆ ಟಿಕೆಟ್ ಕೊಡುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? 1998ರ ನಂತರ ಏನೋ ಬದಲಾಯಿತು. 2022ರ ಫೆಬ್ರವರಿಯಲ್ಲಿ ಹಿಜಾಬ್ ಹಾಕಿಕೊಂಡು ಬಂದ ಹುಡುಗಿಯರ ಎದುರು ಕುಂದಾಪುರದ ಕಾಲೇಜಿನ ಗೇಟ್ ಮುಚ್ಚಿದ್ದನ್ನು ದೇಶವೇ ನೋಡಿತು. ಆ ವಾರ ಬೆಂಗಳೂರಿನ ಕ್ಯಾಮೆರಾಗಳೆಲ್ಲ ನಮ್ಮೂರಲ್ಲಿದ್ದವು. ಹೋಟೆಲಿಗೆ ಬಂದ ಗಿರಾಕಿಗಳು ‘ನಿಮ್ಮೂರಲ್ಲಿ ಏನ್ರೀ ಅದು’ ಅಂತ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ ಬಿಲ್ ಕೊಟ್ಟೆ.

ಆದರೆ ಲೋಕಸಭೆಗೆ ಒಂದು ಲೆಕ್ಕ, ವಿಧಾನಸಭೆಗೆ ಇನ್ನೊಂದು ಲೆಕ್ಕ ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. 2012ರ ಮಾರ್ಚ್‌ನಲ್ಲಿ ಉಡುಪಿ-ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಗೆದ್ದವರು ಇದೇ ಜಯಪ್ರಕಾಶ್ ಹೆಗ್ಡೆಯವರು, ಆಗ ಕಾಂಗ್ರೆಸ್ಸಿನಿಂದ. ಅದು ಮುಖ್ಯಮಂತ್ರಿಯಾಗಿದ್ದ ಸದಾನಂದ ಗೌಡರು ಬಿಟ್ಟು ಬಂದ ಸೀಟು, ರಾಜ್ಯದಲ್ಲಿ ಬಿಜೆಪಿ ಸರ್ಕಾರ. ಎರಡು ವರ್ಷದ ನಂತರ ಮೋದಿಯವರ ಹೆಸರಿನಲ್ಲಿ ಅದೇ ಕ್ಷೇತ್ರ ಪೂರ್ತಿ ತಿರುಗಿತು. ಎರಡೂ ಸಲ ವೋಟು ಹಾಕಿದವರು ಹೆಚ್ಚು ಕಡಿಮೆ ಅದೇ ಜನ ಅಲ್ವಾ?

ನಾಯಕರಿಗಿಂತ ಮತದಾರರೇ ವಾಸಿ ಅಂತ ನನಗೆ ಅನ್ನಿಸುವುದೂ ಇದಕ್ಕೇ. ಎ.ಜಿ. ಕೊಡ್ಗಿಯವರು ಬೈಂದೂರಿನಲ್ಲಿ ಕಾಂಗ್ರೆಸ್ ಶಾಸಕರಾಗಿದ್ದವರು, ಆಮೇಲೆ ಬಿಜೆಪಿಗೆ ಬಂದರು. ಅವರ ಮಗ ಕಿರಣ್ ಕುಮಾರ್ ಕೊಡ್ಗಿ ಈಗ ಕುಂದಾಪುರದ ಬಿಜೆಪಿ ಶಾಸಕರು. ಹೆಗ್ಡೆಯವರು ದಳ, ಪಕ್ಷೇತರ, ಕಾಂಗ್ರೆಸ್, ಬಿಜೆಪಿ ಎಲ್ಲ ಮುಗಿಸಿ 2024ಕ್ಕೆ ಮತ್ತೆ ಕಾಂಗ್ರೆಸ್. ಉಡುಪಿಯ ಪ್ರಮೋದ್ ಮಧ್ವರಾಜರು 2013ರಲ್ಲಿ ಕಾಂಗ್ರೆಸ್, 2019ರಲ್ಲಿ ಜೆಡಿಎಸ್ ಅಭ್ಯರ್ಥಿ, 2022ರಲ್ಲಿ ಬಿಜೆಪಿ. ಇವರನ್ನೆಲ್ಲ ಬೈಯಲು ಬರೆಯುತ್ತಿಲ್ಲ. ಬಾಗಿಲು ಇಷ್ಟೊಂದು ತೆರೆದಿರುವ ಜಾಗವನ್ನು ಕೋಟೆ ಅಂತ ಹೇಗೆ ಕರೆಯುತ್ತೀರಿ ಅಂತ ಕೇಳುತ್ತಿದ್ದೇನೆ.

ಕೋಟೆ ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ವಾರಾಹಿ ಕಾಲುವೆ ಸಾಕ್ಷಿ. ವಾರಾಹಿ ನೀರಾವರಿ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1979ರಲ್ಲಿ. ನಾನು ಶಾಲೆಗೆ ಹೋಗುವಾಗಲೂ ‘ವಾರಾಹಿ ನೀರು ಬರುತ್ತದೆ’ ಅನ್ನುತ್ತಿದ್ದರು. ಕಾಂಗ್ರೆಸ್ ಶಾಸಕರ ಕಾಲ ಹೋಯಿತು, ಬಿಜೆಪಿ ಶಾಸಕರ ಕಾಲ ಬಂತು, ಪಕ್ಷೇತರರ ಕಾಲವೂ ಆಯಿತು. ಕೆಲವು ಕಡೆ ನೀರು ಹರಿದದ್ದು ಮೂವತ್ತು ವರ್ಷ ಕಳೆದ ಮೇಲೆ. ಅದೇ ವಾರಾಹಿಯ ನೀರಿನಿಂದ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ 460 ಮೆಗಾವಾಟ್ ಸಾಮರ್ಥ್ಯದಲ್ಲಿ ನಡೆಯುತ್ತಿದೆ. ಕರೆಂಟು ಬೇಗ ಘಟ್ಟ ಹತ್ತಿತು, ನೀರು ಗದ್ದೆಗೆ ಇಳಿಯಲಿಲ್ಲ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಕಥೆಯೂ ಅದೇ. ವರ್ಷಗಟ್ಟಲೆ ಬರೀ ಕಂಬ ನೋಡಿದೆವು. ಹೆದ್ದಾರಿಗೆ 66ರ ಹೊಸ ನಂಬರ್ ಕೊಟ್ಟಿದ್ದು ಮಾತ್ರ ಬೇಗ ಆಯಿತು.

ಗೆದ್ದವರಿಗೆ ಚಿಂತೆ ಇಲ್ಲ, ಹೇಗೂ ಗೆಲ್ಲುತ್ತೇವೆ. ಸೋತವರಿಗೂ ಚಿಂತೆ ಇಲ್ಲ, ಹೇಗೂ ಸೋಲುತ್ತೇವೆ. ಇಬ್ಬರ ನಡುವೆ ಕಾಲುವೆ ಒಣಗಿತು.

ಕಾಂಗ್ರೆಸ್ ಅಧ್ಯಕ್ಷರೇ, ಒಂದು ಪಟ್ಟಿ ತೆಗೆದು ನೋಡಿ. ಕುಂದಾಪುರದಲ್ಲಿ ನಿಮ್ಮ ಅಭ್ಯರ್ಥಿ 2008ರಲ್ಲಿ ಜಯಪ್ರಕಾಶ್ ಹೆಗ್ಡೆ, 2013ರಲ್ಲಿ ಮಲ್ಯಾಡಿ ಶಿವರಾಮ ಶೆಟ್ಟಿ, 2018ರಲ್ಲಿ ರಾಕೇಶ್ ಮಲ್ಲಿ, 2023ರಲ್ಲಿ ದಿನೇಶ್ ಹೆಗ್ಡೆ ಮೊಳಹಳ್ಳಿ. ನಾಲ್ಕು ಚುನಾವಣೆ, ನಾಲ್ಕು ಮುಖ. ಮುಖ ನೋಡಿ ವೋಟು ಹಾಕುವ ಊರಿಗೆ ಪ್ರತಿ ಸಲ ಹೊಸ ಮುಖ ಕಳಿಸಿ, ಸೋತ ಮೇಲೆ ‘ಅಲ್ಲಿ ಕೋಮುವಾದ ಜಾಸ್ತಿ’ ಅಂತ ಕೈ ತೊಳೆದುಕೊಂಡರೆ ಹೇಗೆ? ಅವರು ಒಳ್ಳೆಯವರೇ ಇರಬಹುದು. ಸೋತ ಮರುದಿನದಿಂದ ಐದು ವರ್ಷ ಊರಲ್ಲಿ ಓಡಾಡಿ ಅಂತ ಅವರಿಗೆ ಹೇಳಿದ್ದೀರಾ? ಮುಂದಿನ ಸಲವೂ ಟಿಕೆಟ್ ನಿಮಗೇ ಅಂತ ಭರವಸೆ ಕೊಟ್ಟಿದ್ದೀರಾ?

ಬಿಜೆಪಿ ಅಧ್ಯಕ್ಷರೇ, ನಿಮಗೆ 2018ರಲ್ಲಿ 50 ಸಾವಿರ ದಾಟಿದ ಅಂತರ, 2023ರಲ್ಲಿ 40 ಸಾವಿರ ದಾಟಿದ ಅಂತರ. ಖುಷಿಪಡಿ. ಆದರೆ 2018ರ ಆ ಅಂತರ ಹಾಲಾಡಿಯವರು ವಾಪಸ್ ಬಂದದ್ದಕ್ಕೆ ಸಿಕ್ಕಿದ್ದು ಅನ್ನುವುದು ನಿಮಗೂ ಗೊತ್ತು. ಅವರು 2023ರಲ್ಲಿ ತಾವಾಗಿಯೇ ಚುನಾವಣೆ ಸಾಕು ಅಂದರು. 1999ರಿಂದ 2018ರ ತನಕ ಐದು ಸಲ ಗೆದ್ದ ಮನುಷ್ಯನಿಗೆ, ನಿಮ್ಮದೇ ಸರ್ಕಾರ ಎಷ್ಟು ಸಲ ಬಂದರೂ, ಒಂದು ಮಂತ್ರಿ ಸ್ಥಾನ ಕೊಡಲಿಲ್ಲ. ಕೊಡದೇ ಇದ್ದರೂ ಜನ ಎಲ್ಲಿಗೆ ಹೋಗುತ್ತಾರೆ ಅನ್ನುವ ಧೈರ್ಯ.

ಜೆಡಿಎಸ್ ಅಧ್ಯಕ್ಷರೇ, ನಿಮ್ಮ ಬಗ್ಗೆ ಬರೆಯಲು ಜಾಸ್ತಿ ಇಲ್ಲ. 2019ರಲ್ಲಿ ಮೈತ್ರಿ ಲೆಕ್ಕದಲ್ಲಿ ಲೋಕಸಭಾ ಸೀಟು ನಿಮಗೆ ಬಂದಾಗ ಅಭ್ಯರ್ಥಿಯನ್ನೂ ಕಾಂಗ್ರೆಸ್ಸಿನಿಂದ ಕಡ ತರಬೇಕಾಯಿತು.

ಇನ್ನು ಬಸ್ಸಿನ ವಿಷಯ. ನೀವು ಮೂವರೂ ಇದರ ಬಗ್ಗೆ ಮೈಕಿನ ಎದುರು ಮಾತಾಡುವುದಿಲ್ಲ.

ಬೆಂಗಳೂರಿನಲ್ಲಿರುವ ನಮ್ಮವರಲ್ಲಿ ತುಂಬಾ ಜನರ ವೋಟು ಇನ್ನೂ ಊರಲ್ಲೇ ಇದೆ. ರೇಷನ್ ಕಾರ್ಡು ಅಲ್ಲಿ, ಜಾಗ ಅಲ್ಲಿ, ಮನೆ ದೈವ ಅಲ್ಲಿ. ಬರೀ ಸ್ವಂತ ಮನೆ ಇದೆ ಅನ್ನುವ ಕಾರಣಕ್ಕೆ ಅಲ್ಲಿನ ವಾಸಿ ಅಂತ ಲೆಕ್ಕವಿಲ್ಲ ಅನ್ನುತ್ತದೆ ಕಾನೂನು. ಅದು ಬೇರೆ ಮಾತು. ಮತದಾನಕ್ಕೆ ಒಂದು ವಾರ ಇರುವಾಗ ಯಾರೋ ಒಬ್ಬರು ಹೋಟೆಲಿಗೆ ಬರುತ್ತಾರೆ. ಕೈಯಲ್ಲಿ ಪುಸ್ತಕ. ಹೆಸರು, ಬೂತು, ಮೊಬೈಲ್ ನಂಬರ್. ಹಿಂದಿನ ರಾತ್ರಿ ಗೋವರ್ಧನ್ ಥಿಯೇಟರ್ ಹತ್ತಿರ ಬನ್ನಿ, ಬಸ್ ಇರುತ್ತದೆ, ದುಡ್ಡು ಕೊಡುವುದು ಬೇಡ. ಮತದಾರರನ್ನು ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸುವುದು ಭ್ರಷ್ಟ ಆಚರಣೆ ಅಂತ 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಹೇಳುತ್ತದೆ. ನೀವು ಮತಗಟ್ಟೆ ತನಕ ಬಿಡುವುದಿಲ್ಲ, ಶಾಸ್ತ್ರಿ ಸರ್ಕಲ್ ತನಕ ಬಿಡುತ್ತೀರಿ. ಜಾಣರು.

ಒಂದು ಸಲ ನಾವು ಹಾಗೇ ಹೋದೆವು. ಯಾವ ಪಕ್ಷದ ಬಸ್ಸು ಅಂತ ಹೇಳುವುದಿಲ್ಲ. ಹೋಗುವಾಗ ನೀರಿನ ಬಾಟಲಿ, ಬಿಸ್ಕತ್ತು, ಘಟ್ಟದ ಮೇಲೆ ಚಾ. ವೋಟು ಹಾಕಿ ಸಂಜೆ ಹೇಳಿದ ಜಾಗಕ್ಕೆ ಬಂದು ನಿಂತೆವು. ಬೆರಳಲ್ಲಿ ಶಾಯಿ, ಕೈಯಲ್ಲಿ ಮನೆಯಿಂದ ಕಟ್ಟಿಕೊಟ್ಟ ತೆಂಗಿನಕಾಯಿ, ಕುಚ್ಚಲಕ್ಕಿ, ಉಪ್ಪಿನಕಾಯಿ ಡಬ್ಬಿ. ಎಂಟು ಗಂಟೆಗೆ ಬರಬೇಕಾದ ಬಸ್ಸು ಬರಲಿಲ್ಲ. ಪುಸ್ತಕ ಹಿಡಿದು ಬಂದಿದ್ದವನ ಫೋನು ಸ್ವಿಚ್ಡ್ ಆಫ್. ಹತ್ತು ಗಂಟೆ ಆಯಿತು. ಬೆಳಿಗ್ಗೆ ಐದಕ್ಕೆ ಇಡ್ಲಿ ಹಿಟ್ಟು ಹುಯ್ಯಬೇಕಾದ ಹುಡುಗರು ಅವರು. ಕೊನೆಗೆ ಯಾವುದೋ ಖಾಸಗಿ ಬಸ್ಸಿಗೆ ಎರಡು ಪಟ್ಟು ಕೊಟ್ಟು ಹತ್ತಿದರು, ಕೆಲವರು ಇಡೀ ರಾತ್ರಿ ಡ್ರೈವರ್ ಕ್ಯಾಬಿನ್ನಿನಲ್ಲಿ ಕೂತು ಬಂದರು. ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ. ‘ವೋಟ್ ಆಯ್ತಲೆ, ಇನ್ನ್ ನಮ್ಮ ಯಾರ್ ಕೇಂತ್ರ್’ ಅಂದ ಒಬ್ಬ. ಇನ್ನು ನಮ್ಮನ್ನು ಯಾರು ಕೇಳುತ್ತಾರೆ ಅಂತ.

ಇಷ್ಟಾದರೂ ನಮ್ಮವರು ಹೋಗುತ್ತಾರೆ. 2023ರಲ್ಲಿ ಉಡುಪಿ ಜಿಲ್ಲೆಯ ಮತದಾನ ಶೇ. 78 ದಾಟಿತು. ಬೆಂಗಳೂರಿನಲ್ಲಿ ಅದು ಶೇ. 55ರ ಆಸುಪಾಸು. ಪಕ್ಕದ ಬೀದಿಯ ಶಾಲೆಗೆ ನಡೆದು ಹೋಗದವರು ಇರುವ ಊರಿನಿಂದ, ರಾತ್ರಿಯಿಡೀ ಘಟ್ಟ ಇಳಿದು ಹೋಗಿ ವೋಟು ಹಾಕಿ ಬರುವವರು ಇವರು. ಇವರಿಗೆ ಸಿದ್ಧಾಂತ ಇಲ್ಲ ಅನ್ನುವುದೂ ತಪ್ಪು, ಬರೀ ಸಿದ್ಧಾಂತ ಅನ್ನುವುದೂ ತಪ್ಪು.

ಈಗ ನಾನು ನಿಜವಾಗಿ ಕೇಳಬೇಕಾದ್ದಕ್ಕೆ ಬರುತ್ತೇನೆ. ಮನುಷ್ಯನನ್ನು ನೋಡಿ ವೋಟು ಹಾಕುವ ಊರಿನಲ್ಲಿ ಮನುಷ್ಯ ಕಣ್ಣಿಗೆ ಬೀಳುವುದು ಎಲ್ಲಿ? ಪಂಚಾಯತಿನಲ್ಲಿ. ಕೋಟ ಶ್ರೀನಿವಾಸ ಪೂಜಾರಿಯವರು ಕೋಟದ ಗ್ರಾಮ ಪಂಚಾಯತ್ ಸದಸ್ಯರಾಗಿ ಶುರು ಮಾಡಿದವರು. ತಾಲ್ಲೂಕು, ಜಿಲ್ಲಾ ಪಂಚಾಯತ್ ಎಲ್ಲ ದಾಟಿ ಬಂದರು. ಬ್ರಹ್ಮಾವರದಲ್ಲಿ ಹೆಗ್ಡೆಯವರ ಎದುರು ಸೋತರು, ಸೋತರೂ ಊರು ಬಿಡಲಿಲ್ಲ. ವಿಧಾನ ಪರಿಷತ್ತಿಗೆ ಹೋದರು, ಮಂತ್ರಿಯಾದರು, 2024ರಲ್ಲಿ ಅದೇ ಹೆಗ್ಡೆಯವರನ್ನು ಸೋಲಿಸಿ ಸಂಸದರಾದರು. ಅವರ ಪಕ್ಷ ಒಪ್ಪದವರೂ ‘ನಮ್ಮ ಕೋಟದವರು’ ಅಂತ ಹೇಳುವುದನ್ನು ಕೇಳಿದ್ದೇನೆ. ಇಂಥವರು ಮೆಟ್ಟಿಲು ಹತ್ತಿ ಬರುತ್ತಾರೆ. ನೀವು ಮೂವರೂ ಸೇರಿ ಆ ಮೆಟ್ಟಿಲನ್ನೇ ಕಿತ್ತಿದ್ದೀರಿ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಬಿಜೆಪಿ ಸರ್ಕಾರ ಇದ್ದಾಗ ಕ್ಷೇತ್ರ ವಿಂಗಡಣೆ ಮತ್ತೆ ಮಾಡಬೇಕು ಅಂದಿರಿ. ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಮೀಸಲಾತಿ, ಕೋರ್ಟು ಅಂದಿರಿ. 2025 ಮುಗಿದರೂ ಚುನಾವಣೆ ಆಗಿರಲಿಲ್ಲ. ನಾನು ಬದುಕುವ ಈ ಬೆಂಗಳೂರಿನದೂ ಅದೇ ಪಾಡು. ಪಾಲಿಕೆಯ ಕೊನೆಯ ಚುನಾವಣೆ 2015ರಲ್ಲಿ, ಅವಧಿ ಮುಗಿದದ್ದು 2020ರಲ್ಲಿ. ಆಮೇಲೆ ಒಂದು ಪಾಲಿಕೆಯನ್ನು ಐದು ಮಾಡಿದಿರಿ. ಅಂದರೆ ನಾನು ಇರುವ ಊರಲ್ಲಿ ನನಗೆ ಕಾರ್ಪೊರೇಟರ್ ಇಲ್ಲದೆ ಕಾಲ ಕಳೆಯಿತು, ವೋಟು ಇರುವ ಊರಲ್ಲಿ ಜಿಲ್ಲಾ ಪಂಚಾಯತ್ ಸದಸ್ಯರಿಲ್ಲದೆ ಕಾಲ ಕಳೆಯಿತು. ಚರಂಡಿಗೆ ಬೆಂಗಳೂರಿನಲ್ಲಿ ಶಾಸಕರನ್ನು ಹುಡುಕು, ತೋಡು ದಾಟುವ ಕಾಲುಸಂಕಕ್ಕೆ ಕುಂದಾಪುರದಲ್ಲಿ ಶಾಸಕರನ್ನು ಹುಡುಕು.

ಕೆಳಗಿನ ಚುನಾವಣೆ ನಡೆಯದಿದ್ದರೆ ನಿಮಗೆ ಅನುಕೂಲ, ಒಪ್ಪುತ್ತೇನೆ. ಶಾಸಕರ ಕೈಯಲ್ಲೇ ಎಲ್ಲ ಉಳಿಯುತ್ತದೆ, ಹೊಸಬ ಯಾರೂ ತಲೆ ಎತ್ತುವುದಿಲ್ಲ, ಟಿಕೆಟ್ ಬೆಂಗಳೂರಿನ ಕೋಣೆಯಲ್ಲೇ ಹಂಚಬಹುದು. ಆದರೆ ಹಾಗೆ ಹಂಚಿದ ಟಿಕೆಟ್ಟಿನವನನ್ನು ನಮ್ಮವರು ಎಲ್ಲೂ ನೋಡಿರುವುದಿಲ್ಲ. ನೋಡದಿದ್ದಾಗ ಉಳಿಯುವುದು ಚಿಹ್ನೆ, ಜಾತಿ, ಧರ್ಮ. ಆಗ ನೀವು ಹೇಳುವ ಕೋಟೆ ನಿಜವಾಗಿಯೂ ಎದ್ದು ನಿಲ್ಲುತ್ತದೆ, ಕಟ್ಟಿದವರು ನೀವೇ ಆಗಿರುತ್ತೀರಿ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪಂಚಾಯತ್ ಚುನಾವಣೆಗಳು ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತವೆ, ಯಾವ ಸರ್ಕಾರ ಇದ್ದರೂ ವಿಂಗಡಣೆಯ ನೆಪ ಹೇಳುವುದಿಲ್ಲ ಅಂತ ಮೂವರೂ ಒಟ್ಟಿಗೆ ಬರೆದು ಕೊಡಿ. 2028ರ ಅಭ್ಯರ್ಥಿ ಯಾರು ಅಂತ ಎರಡು ವರ್ಷ ಮೊದಲೇ ಹೇಳಿ, ಅವರು ಊರಲ್ಲಿ ಮನೆ ಮಾಡಲಿ. ವಾರಾಹಿಯ ಬಾಕಿ ಕಾಲುವೆ ಎಷ್ಟು, ದುಡ್ಡು ಎಷ್ಟು, ಯಾವ ವರ್ಷ ಮುಗಿಯುತ್ತದೆ ಅನ್ನುವುದನ್ನು ತಾಲ್ಲೂಕು ಕಚೇರಿಯ ಗೋಡೆಗೆ ಕನ್ನಡದಲ್ಲಿ ಬರೆಸಿ. ಬಸ್ಸು ಬೇಡ. ಮತದಾನದ ಹಿಂದಿನ ರಾತ್ರಿಗೆ ಹೆಚ್ಚುವರಿ ರೈಲು ಬಿಡಿ ಅಂತ ರೈಲ್ವೆಗೆ ಮೂರೂ ಪಕ್ಷದವರು ಒಂದೇ ಮನವಿ ಕೊಡಿ. ಟಿಕೆಟ್ ದುಡ್ಡು ನಾವೇ ಕೊಡುತ್ತೇವೆ.

ಬಂದು ನೋಡಬೇಕು ಅನ್ನಿಸಿದರೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಬೆಂಗಳೂರು ಬಿಡುತ್ತದೆ, ಬೆಳಿಗ್ಗೆ ಕುಂದಾಪುರ. ಶುಕ್ರವಾರದ ಟಿಕೆಟ್ ಮಾತ್ರ ಸಿಗುವುದು ಕಷ್ಟ, ವಾರದ ಮಧ್ಯೆ ಬನ್ನಿ. ಸ್ಟೇಷನ್ನಿನಲ್ಲಿ ರಿಕ್ಷಾ ಹತ್ತಿ, ಡ್ರೈವರ್ ಹತ್ತಿರ ಈ ಸಲ ಯಾರು ಅಂತ ಕೇಳಿ. ‘ಕಾಂಬೊ’ ಅನ್ನುತ್ತಾರೆ, ಅಂದರೆ ನೋಡೋಣ. ಅದರ ಮೇಲೆ ಒಂದಕ್ಷರವೂ ಹೇಳುವುದಿಲ್ಲ, ನೀವು ಯಾವ ಪಕ್ಷದವರು ಅಂತ ಮೊದಲು ತಿಳಿದುಕೊಳ್ಳುವ ತನಕ.

ಇಂತಿ,
ಕುಂದಾಪುರ ಕ್ಷೇತ್ರದ ಒಬ್ಬ ಮತದಾರ
ಸದ್ಯ: ವಿಜಯನಗರ, ಬೆಂಗಳೂರು